ಕಲ್ಲಿನ ಆನೆ, ಕಾಡಿನ ಆನೆ

ಮೃಗಗಳನ್ನು ಅವುಗಳ ನೆಲೆಯಲ್ಲಿಯೇ ಕಂಡು ಬರುವುದಕ್ಕಾಗಿ ಕಡಲು ದಾಟಿ ಹೋಗುವವರಿದ್ದಾರೆ. ನನ್ನ ಅಣ್ಣನ ಮಗ ಅಂಥವರಲ್ಲೊಬ್ಬ. ದಕ್ಷಿಣ ಆಫ್ರಿಕದ ಕ್ರೂಗರ್, ಬೋಟ್ಸ್ವಾನದ ಚೋಬೆ, ನಮೀಬಿಯದ ಎಟೋಷ ಎಂಬ ಮೂರು ರಾಷ್ಟ್ರೀಯ ಉದ್ಯಾನಗಳನ್ನು ಸುತ್ತಿ, ನೂರಾರು ಚಿತ್ರಗಳೊಡನೆ ಅವನು ಅರಸೀಕೆರೆಗೆ ಬಂದ. 1926ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕ್ರೂಗರಿನ ವಿಸ್ತಾರ ಸುಮಾರು 19,500 ಚದರ ಕಿಲೋಮೀಟರು. ನಮ್ಮ ಹಾಸನ ಜಿಲ್ಲೆಯಂಥ ಎರಡು ಜಿಲ್ಲೆಗಳನ್ನು ಅದರೊಳಗೆ ಇಟ್ಟರೂ ಇನ್ನೂ ಜಾಗ ಮಿಗುತ್ತದೆ. ಚೋಬೆ ನದಿಯಲ್ಲಿ ನೀರು ಕುಡಿಯುತ್ತಿದ್ದ ಆನೆಗಳ ಚಿತ್ರವನ್ನು ತೋರಿಸಿ, "ಚಿಕ್ಕಪ್ಪ, ನಮ್ಮ ಸೀಮೆಯಲ್ಲಿ ನೋಡುವುದಕ್ಕೆ ಏನಿದೆ?" ಎಂದ.

"ಎರಡು ದಿನ ನನ್ನ ಜೊತೆ ಬಾ" ಎಂದೆ.

ಮೊದಲ ದಿನ ಬೆಳಕು ಹರಿಯುವ ಮುನ್ನವೇ ಹಿರೇಕಲ್ಲು ಗುಡ್ಡದ ಕಡೆಗೆ ಹೊರಟೆವು. ಅರಸೀಕೆರೆ ಎಂದೊಡನೆ ಎಲ್ಲರಿಗೂ ತೆಂಗು ನೆನಪಾಗುತ್ತದೆ. ಇಲ್ಲಿನ ಕಲ್ಲುಬಂಡೆಗಳ ಸಂದಿಯಲ್ಲಿ ಕರಡಿಗಳು ವಾಸವಾಗಿರುವುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ನಮಗೆ ಕರಡಿ ಕಾಣಲಿಲ್ಲ. ಅದು ಒಡೆದುಹಾಕಿದ್ದ ಹುತ್ತವೊಂದು ಕಂಡಿತು. ಕರಡಿಗೆ ಮೇಲ್ದವಡೆಯ ಮುಂದಿನ ನಡುವಣ ಎರಡು ಹಲ್ಲುಗಳಿರುವುದಿಲ್ಲ. ಆ ಸಂದಿಯ ಮೂಲಕವೇ ಅದು ಉಸಿರನ್ನು ಬಲವಾಗಿ ಎಳೆದು ಗೆದ್ದಲನ್ನು ಹೀರುತ್ತದೆ. ತಾಯಿಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಇವನ್ನೆಲ್ಲ ನಾನು ಪಾಠದಂತೆ ಹೇಳುತ್ತಿದ್ದರೆ ಹುಡುಗ ನಕ್ಕ. ಮೂವತ್ತು ವರ್ಷಗಳ ಉಪಾಧ್ಯಾಯ ವೃತ್ತಿಯ ಅಭ್ಯಾಸ ಅಷ್ಟು ಬೇಗ ಬಿಡುವುದೆ?

ಜಾವಗಲ್ಲಿನ ಮೇಲೆ ಹಳೇಬೀಡಿಗೆ ಬಂದೆವು. ಹೊಯ್ಸಳೇಶ್ವರನ ಗುಡಿಯ ಗೋಡೆಗಳ ತಳದಲ್ಲಿ ಪಟ್ಟಿಕೆಯ ಮೇಲೆ ಪಟ್ಟಿಕೆಯಾಗಿ ಪ್ರಾಣಿಗಳು ನಡೆದಿವೆ. ಎಲ್ಲಕ್ಕಿಂತ ಕೆಳಗೆ ಆನೆಗಳು, ಅವುಗಳ ಮೇಲೆ ಸಿಂಹಗಳು, ನಡುವೆ ಬಳ್ಳಿಗಳು, ಕುದುರೆ ಸವಾರರು, ಪುರಾಣಕಥೆಗಳು. ಅವೆಲ್ಲವನ್ನೂ ದಾಟಿದ ಮೇಲೆ ಮಕರ ಮತ್ತು ಹಂಸಗಳ ಸಾಲು. ಬಂದವರಲ್ಲಿ ಹೆಚ್ಚಿನವರು ಮೇಲಣ ದೇವತಾಮೂರ್ತಿಗಳನ್ನು ನೋಡಿ ಮುಂದೆ ಸಾಗುತ್ತಾರೆ. ನಾವು ಕುಕ್ಕುರುಗಾಲಿನಲ್ಲಿ ಕುಳಿತು ಆನೆಗಳನ್ನು ನೋಡಿದೆವು. ಒಂದರ ಸೊಂಡಿಲು ಬಾಯೊಳಗೆ ಮಡಿಸಿದೆ. ಇನ್ನೊಂದರದು ಮುಂದಿನದರ ಬಾಲದ ಕಡೆಗೆ ಚಾಚಿದೆ. ಒಂದರಂತೆ ಇನ್ನೊಂದಿಲ್ಲ. "ಕಿವಿ ನೋಡಿ ಚಿಕ್ಕಪ್ಪ, ಎಷ್ಟು ಚಿಕ್ಕವು! ಆಫ್ರಿಕದ ಆನೆಯ ಕಿವಿ ಭುಜವನ್ನೇ ಮುಚ್ಚುತ್ತದೆ" ಎಂದ ಹುಡುಗ. ಅವನ ಕಣ್ಣು ಚುರುಕಾಗಿತ್ತು. ಸಿಂಹಗಳ ವಿಷಯ ಬೇರೆ. ಅವುಗಳ ಕೇಸರ ಬಳ್ಳಿಯ ಸುರುಳಿಯಂತೆ ಸುತ್ತಿಕೊಂಡಿದೆ, ಮುಖ ಯಾವ ಸಿಂಹದ ಮುಖವೂ ಅಲ್ಲ. ಮಕರವಂತೂ ಮೊಸಳೆಯ ಬಾಯಿಗೆ ಸೊಂಡಿಲು ಸೇರಿಸಿ ಕಟ್ಟಿದ ಕಲ್ಪನೆ. ಸಿಂಹವನ್ನು ಶಿಲ್ಪಿ ಹಿಂದಿನವರಿಂದ ಕೇಳಿ ಕಲಿತಿರಬೇಕು; ಆನೆಯನ್ನು ಮಾತ್ರ ದಿನವೂ ಕಂಡು ಕಡೆದಿದ್ದಾನೆಂಬುದು ನನ್ನ ಎಣಿಕೆ.

ಬೇಲೂರಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ತಳದಲ್ಲಿಯೂ ಆನೆಗಳೇ ಭಾರ ಹೊತ್ತು ನಿಂತಿವೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇಗುಲಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆ ಕಲ್ಲಿನ ಆನೆಗಳನ್ನು ಈಗ ಕೈಯಿಂದ ಮುಟ್ಟುವುದಕ್ಕೂ ಕಾವಲುಗಾರರು ಬಿಡುವುದಿಲ್ಲ. ಸರಿಯಾದ ಕೆಲಸವೇ.

ಅದೇ ವರ್ಷದ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಅರ್ಜುನ ಸತ್ತ. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಆನೆ ಅದು. ಕಾಡಾನೆಗಳನ್ನು ಹಿಡಿಯುವ ಕಾರ್ಯಕ್ಕೆ ಅವನನ್ನು ಕರೆತಂದಿದ್ದರು. ಒಂಟಿ ಸಲಗವೊಂದು ಎರಗಿತು. ಅಲ್ಲಿಯೇ ಅವನನ್ನು ಮಣ್ಣು ಮಾಡಿದರು. ಅಂದು ನಮ್ಮ ಜಿಲ್ಲೆಯಲ್ಲಿ ಅನೇಕರು ಕಣ್ಣೀರಿಟ್ಟರು.

ಮರುದಿನ ನಾವು ಹೋದದ್ದು ಬೇಲೂರು ತಾಲ್ಲೂಕಿನ ಬಿಕ್ಕೋಡಿನ ಕಡೆಗೆ. ಅಲ್ಲಿ ಕಾಡು ತುಂಡುತುಂಡಾಗಿ ಉಳಿದಿದೆ. ಆನೆಗಳು ಕಾಫಿತೋಟದ ನೆರಳಿನಲ್ಲಿ ಹಗಲು ಕಳೆದು, ರಾತ್ರಿ ಭತ್ತದ ಗದ್ದೆಗೆ ಇಳಿಯುತ್ತವೆ. ಬೋಟ್ಸ್ವಾನ ನಮ್ಮ ರಾಜ್ಯದ ಮೂರರಷ್ಟು ದೊಡ್ಡದು. ಅಲ್ಲಿ ಸುಮಾರು 24 ಲಕ್ಷ ಜನ, ಒಂದು ಲಕ್ಷ ಮೂವತ್ತು ಸಾವಿರದಷ್ಟು ಆನೆಗಳು. ಕರ್ನಾಟಕದ ಜನಸಂಖ್ಯೆ 2011ರಲ್ಲಿಯೇ ಆರು ಕೋಟಿಯನ್ನು ದಾಟಿತ್ತು. 2023ರ ಗಣತಿಯಲ್ಲಿ ಇಲ್ಲಿನ ಆನೆಗಳು 6,395. ಅಲ್ಲಿ ಆನೆ ನೋಡಲು ಹೋದವರು ವಾಹನದೊಳಗೆ ಕುಳಿತಿರುತ್ತಾರೆ. ಇಲ್ಲಿ ಆನೆಯ ದಾರಿಯಲ್ಲಿಯೇ ಶಾಲೆಗೆ ಹೋಗುವ ಮಕ್ಕಳೂ ಕಾಫಿಹಣ್ಣು ಬಿಡಿಸುವ ಹೆಂಗಸರೂ ನಡೆಯಬೇಕು.

ನನಗೆ ಪರಿಚಿತರಾದ ಬೆಳೆಗಾರರೊಬ್ಬರ ಮನೆಯ ಜಗಲಿಯಲ್ಲಿ ಕುಳಿತೆವು. ಹಿಂದಿನ ವಾರ ತುಳಿತಕ್ಕೆ ಸಿಕ್ಕಿದ ಗದ್ದೆ ಎದುರಿಗೇ ಇತ್ತು. ಒಂದೊಂದು ಹೆಜ್ಜೆಯ ಗುಳಿಯಲ್ಲಿಯೂ ನೀರು ನಿಂತಿತ್ತು. ಆನೆ ನೋಡಬೇಕೆಂದು ಹುಡುಗ ಹೇಳಿದಾಗ ಆ ಹಿರಿಯರು ಅವನನ್ನು ಒಂದು ಕ್ಷಣ ದಿಟ್ಟಿಸಿದರು.

"ಮೇಷ್ಟ್ರೇ, ನಿಮ್ಮ ಹುಡುಗನಿಗೆ ಆನೆ ಕಾಣಲಿ ಎಂಬ ಆಸೆ. ನಮ್ಮದು, ಕಾಣದೆ ಇರಲಿ ಎಂಬ ಹರಕೆ" ಎಂದರು. ಸ್ವಲ್ಪ ತಡೆದು, "ಹಾಗೆಂದು ಅವು ಸಾಯಲಿ ಎಂದು ಯಾರು ಬಯಸುತ್ತಾರೆ? ಅವುಗಳಿಗೂ ಹಸಿವು" ಎಂದರು.

ಸಂಜೆಯಾಗುತ್ತಿದ್ದಂತೆ ಅವರ ಮೊಬೈಲಿಗೆ ಸುದ್ದಿ ಬಂದಿತು. ಹಿತ್ತಲ ದಿಬ್ಬಕ್ಕೆ ನಮ್ಮನ್ನು ಕರೆದೊಯ್ದು, ಮಾತಾಡದಿರುವಂತೆ ಸನ್ನೆ ಮಾಡಿದರು. ಕೆಳಗೆ ಕೆರೆಯ ಆಚೆ ಸಿಲ್ವರ್ ಮರಗಳ ನಡುವೆ ಕಪ್ಪು ಬೆನ್ನುಗಳು ಸದ್ದಿಲ್ಲದೆ ಸರಿದವು. ಒಂದು ಮರಿ ತಾಯಿಯ ಕಾಲುಗಳ ನಡುವೆ ಇತ್ತು. ಹಿಂದಿನದು ಸೊಂಡಿಲನ್ನು ಮುಂದಿನದರ ಕಡೆಗೆ ಚಾಚಿತ್ತು. ಹುಡುಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಹಿರಿಯರು ಬೆರಳು ಮಡಿಸುತ್ತ ಏಳರವರೆಗೆ ಎಣಿಸಿದರು. ಆಮೇಲೆ ಕೆಳಗಿನ ತೋಟಕ್ಕೆ ಫೋನು ಮಾಡಿ, ಆಳುಗಳನ್ನು ಕೆರೆಯ ದಾರಿಯಲ್ಲಿ ಕಳುಹಿಸಬೇಡಿ, ರಸ್ತೆಯ ಮೇಲೆಯೇ ಕಳುಹಿಸಿ ಎಂದು ಮೆಲ್ಲಗೆ ಹೇಳಿದರು.