“ಸ್ವಿಚ್ ಹಾಕಿದ್ದೀರಾ ಸಾರ್?”

ಲೋಕದಲ್ಲಿ ಯಾರು ಬೇಕಾದರೂ ಯಾರನ್ನು ಬೇಕಾದರೂ ಕೇಳಬಹುದಾದ ಪ್ರಶ್ನೆ ಇದು. ನನ್ನ ಕಂಪ್ಯೂಟರು ಇವತ್ತು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿ ಹೊರಬಿದ್ದದ್ದೇ ತಡ, ಮೇಲಿನ ಮನೆಯವರು ಕೇಳಿದರು, ಹಾಲಿನ ಹುಡುಗ ಕೇಳಿದ, ಫೋನಿನಲ್ಲಿ ಮಗಳೂ “ಅಪ್ಪಾ, ಸ್ವಿಚ್ ಹಾಕಿದೀಯಾ ತಾನೇ?” ಎಂದಳು. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳನ್ನು ಸುತ್ತಿ, ಒಂದೊಂದೇ ಸಾಮಾನು ಚೌಕಾಸಿ ಮಾಡಿ ತಂದು, ನಾನೇ ಕೂತು ಜೋಡಿಸಿದ ಯಂತ್ರ. ಅಂಗಡಿಯಿಂದ ಇಡಿಯಾಗಿ ತಂದದ್ದು ಕೆಟ್ಟರೆ ಕಂಪನಿಯನ್ನು ಬೈಯಬಹುದು. ಸ್ವಂತ ಕೈಯಿಂದ ಜೋಡಿಸಿದ್ದು ಕೆಟ್ಟರೆ ಮನೆಯವರೆಲ್ಲ ನಮ್ಮ ಮುಖವನ್ನೇ ನೋಡುತ್ತಾರೆ.

ಹಾಕಿದ್ದೆ. ಗೋಡೆಯದು, ಯುಪಿಎಸ್‌ನದು, ಕ್ಯಾಬಿನೆಟ್ಟಿನ ಬೆನ್ನಲ್ಲಿರುವ, ಒಳಗೆಲ್ಲ ಕರೆಂಟು ಹಂಚುವ ಎಸ್‌ಎಂಪಿಎಸ್‌ನದು, ಮೂರನ್ನೂ ಹಾಕಿದ್ದೆ. ರ್‍ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ ನೋಡಿ ಎಂಬ ಸಾರ್ವತ್ರಿಕ ಮನೆಮದ್ದೂ ಬಂತು. ರ್‍ಯಾಮ್ ಕೆಟ್ಟರೆ ಸಾಮಾನ್ಯವಾಗಿ ಫ್ಯಾನಾದರೂ ತಿರುಗುತ್ತದೆ, ಪರದೆ ಮಾತ್ರ ಕಪ್ಪಗಿರುತ್ತದೆ. ಇಲ್ಲಿ ಫ್ಯಾನೇ ಅಲುಗಲಿಲ್ಲ. ಆ ಮಾತು ಹಾಗಿರಲಿ.

ನನ್ನ ತಕರಾರು ಮುಂದುಗಡೆಯ ನಾಲ್ಕನೆಯದರ ಮೇಲೆ. ಅದನ್ನು ಸ್ವಿಚ್ ಎಂದು ನಾನು ಒಪ್ಪುವುದಿಲ್ಲ. ಹಳೆಯ ಮನೆಗಳ ಮರದ ಹಲಗೆಯ ಮೇಲೆ ದುಂಡಗೆ ಕಪ್ಪಗೆ ಕೂತಿರುತ್ತಿತ್ತಲ್ಲ, ಅದು ಸ್ವಿಚ್ಚು. ಕೆಳಗೆ ಒತ್ತಿದರೆ ಟಕ್, ದೀಪ ಹತ್ತಿತು. ಮೇಲೆತ್ತಿದರೆ ಟಕ್, ಆರಿತು. ಕರೆಂಟು ಅದರ ಹೊಟ್ಟೆಯೊಳಗಿಂದಲೇ ಹಾದುಹೋಗುತ್ತಿತ್ತು. ಮೊದಮೊದಲ ಪಿ.ಸಿ.ಗಳಲ್ಲೂ ಇಂಥದೇ ಗಟ್ಟಿ ಸ್ವಿಚ್ಚಿತ್ತು. ವಿಂಡೋಸ್ 95 ಬಾಗಿಲು ಹಾಕಿಕೊಂಡ ಮೇಲೆ, ಇನ್ನು ಆರಿಸಿದರೆ ಅಪಾಯವಿಲ್ಲ ಎಂದು ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದಲ್ಲಿ ಬರೆದು, ನಾವು ಬಂದು ಕೈಯಾರೆ ಆರಿಸುವವರೆಗೆ ಕಾಯುತ್ತಿತ್ತು. ಕೊನೆಯ ಮಾತು ಮನುಷ್ಯನದಾಗಿತ್ತು.

ಅದೇ 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಹೊಸ ಕಟ್ಟಳೆ ತಂದಿತು. ಅಲ್ಲಿಂದ ಮುಂದೆ ಮುಂದುಗಡೆಯ ಗುಂಡಿ ಬರೀ ಅರ್ಜಿದಾರ. ಅದನ್ನು ಒತ್ತಿದರೆ ಎರಡು ಸಣ್ಣ ತಂತಿಗಳು ಅರೆಕ್ಷಣ ತಾಗಿ ಬಿಡುತ್ತವೆ, ಅಷ್ಟೇ. ಆ ಅರ್ಜಿಯನ್ನು ಮದರ್‌ಬೋರ್ಡ್ ಪರಿಶೀಲಿಸಿ, ಮನಸ್ಸಾದರೆ ಹಸಿರು ವೈರಿನ ಮೂಲಕ ಎಸ್‌ಎಂಪಿಎಸ್‌ಗೆ ಶಿಫಾರಸು ಮಾಡಬೇಕು. ಅದು ಒಪ್ಪಿದರೆ 12 ವೋಲ್ಟಿನ ಕಟ್ಟೆ ಒಡೆಯುತ್ತದೆ. ತಿರಸ್ಕರಿಸಿದರೆ ಕಾರಣ ಕೊಡುವ ಪದ್ಧತಿ ಇಲ್ಲ. ಇಷ್ಟೆಲ್ಲ ಆಗುವಾಗ ಒಳಗೆ ಯಾರೋ ಎಚ್ಚರವಿರಬೇಕಲ್ಲ? ಇದ್ದಾರೆ. ಹಿಂದಿನ ಸ್ವಿಚ್ ಹಾಕಿದ್ದಷ್ಟು ಹೊತ್ತೂ, ಯಂತ್ರ ಸತ್ತಂತೆ ಬಿದ್ದಿರುವಾಗಲೂ, ನೇರಳೆ ವೈರಿನಲ್ಲಿ 5 ವೋಲ್ಟು ಹರಿಯುತ್ತಲೇ ಇರುತ್ತದೆ.

ಪಕ್ಕದ ಮುಚ್ಚಳ ತೆಗೆದು ನೋಡಿದೆ. ಬೋರ್ಡಿನ ಮೂಲೆಯಲ್ಲಿ ಪುಟ್ಟ ದೀಪ ಉರಿಯುತ್ತಿತ್ತು. ಎಲಾ ಇವನ! ವೈಶಂಪಾಯನ ಸರೋವರದ ದುರ್ಯೋಧನನೇ ಸರಿ. ಮೇಲೆ ನೀರು ನಿಶ್ಚಲ, ಒಳಗೆ ಆಸಾಮಿ ಜೀವಂತ. ಅವನನ್ನು ಎಬ್ಬಿಸಲು ಭೀಮನ ಗರ್ಜನೆಯೇ ಬೇಕಾಯಿತು. ತಣ್ಣನೆಯ ನೀರಿನಲ್ಲಿ ಮುಳುಗಿದ್ದವನನ್ನೂ ಸಿಟ್ಟಿನಿಂದ ಬೆವರಿಸಿದ ಕವಿ ರನ್ನನ ಎದೆಗಾರಿಕೆಯನ್ನು ನೆನೆಯುತ್ತ, ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಕೂತೆ. ಭೀಮ ಗುಂಡಿ ಒತ್ತಿ ಕಾಯುವ ಪೈಕಿಯವನಲ್ಲ. ಮಧ್ಯವರ್ತಿಯನ್ನು ಬಿಟ್ಟು ನೇರ ಕೂಗುವವನು.

ನಾನೂ ಹಾಗೇ ಮಾಡಿದೆ. ಗುಂಡಿಯಿಂದ ಬಂದ ವೈರನ್ನು ಕಿತ್ತು, ಬೋರ್ಡಿನ ಮೇಲೆ ಅದು ಕೂತಿದ್ದ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಅರೆಕ್ಷಣ ಮುಟ್ಟಿಸಿದೆ. ಫ್ಯಾನುಗಳು ಭೋರೆಂದವು! ಬೋರ್ಡು ಸರಿ, ಎಸ್‌ಎಂಪಿಎಸ್ ಸರಿ, ಸತ್ತಿದ್ದದ್ದು ಅರ್ಜಿದಾರ. ಹತ್ತಾರು ಸಾವಿರದ ಯಂತ್ರವನ್ನು ಚಿಲ್ಲರೆ ಕಾಸಿನ ಗುಂಡಿಯೊಂದು ಕೂಡಿಹಾಕಿತ್ತು. ಪಕ್ಕದಲ್ಲೇ ರೀಸೆಟ್ ಗುಂಡಿ ವರ್ಷಗಟ್ಟಲೆ ಸಂಬಳವಿಲ್ಲದೆ ಕೂತಿತ್ತು. ಅದರ ವೈರನ್ನು ತಂದು ಈ ಪಿನ್ನುಗಳಿಗೆ ಸಿಕ್ಕಿಸಿದೆ. ಯಾವ ತುದಿ ಎತ್ತ ಹೋದರೂ ನಡೆಯುತ್ತದೆ. ಅರ್ಹತೆಗಿಂತ ಖಾಲಿ ಜಾಗದಿಂದ ಬಡ್ತಿ ಸಿಗುವುದು ಹೊಸತೇನಲ್ಲ.

ಆದರೂ ಆ 5 ವೋಲ್ಟು ತಲೆಯಿಂದ ಇಳಿಯುತ್ತಿಲ್ಲ. ಟಿ.ವಿ.ಯೂ ಹಾಗೇ, ರಿಮೋಟಿನಿಂದ ಆರಿಸಿದರೂ ಕೆಂಪು ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಪೂರ್ತಿ ಆರುವ ವಸ್ತು ಮನೆಯಲ್ಲಿ ಉಳಿದಿದೆಯೋ ಇಲ್ಲವೋ. ಹಾಗೆ ನೋಡಿದರೆ ನಮ್ಮ ನೆಂಟರು ಯಾವತ್ತು ಪೂರ್ತಿ ಆರಿದ್ದಾರೆ? ಹೊರಟೆವು ಎಂದು ಎದ್ದು, ಕುಂಕುಮ ತಗೊಂಡು, ಚಪ್ಪಲಿ ಮೆಟ್ಟಿ, ಗೇಟಿನ ಚಿಲಕಕ್ಕೆ ಕೈ ಹಾಕಿ ಅರ್ಧ ಗಂಟೆ ನಿಲ್ಲುತ್ತಾರೆ. ಸೋಫಾದಲ್ಲಿ ಕೂತು ಆಡಿದ್ದೆಲ್ಲ ಬರೀ ಮಳೆ, ಬೆಳೆ, ಮಂಡಿನೋವು. ಹುಡುಗಿಗೆ ಗಂಡು ನೋಡುತ್ತಿದ್ದೀರಾ ಎಂಬ ಮಾತು ಬರುವುದು ಗೇಟಿನ ಹತ್ತಿರ. ಆಸ್ತಿ ಪಾಲಿನ ಗುಟ್ಟು ಹೊರಬೀಳುವುದೂ ಅಲ್ಲೇ. ಕೈಸಾಲವನ್ನಂತೂ ಒಳಗೆ ಕೂತು ಕೇಳಿದವರನ್ನು ನಾನು ಈವರೆಗೆ ಕಂಡಿಲ್ಲ.