ಇಲ್ಲದ ಹೊಸಿಲು

ನಮ್ಮ ತಾಯಿಗೆ ಎಂಬತ್ತು ತುಂಬಿತು. ನಡುರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಅವರು ಬಾಗಿಲಲ್ಲಿ ತಲೆ ತಗ್ಗಿಸುತ್ತಾರೆ. ಬೆಂಗಳೂರಿನ ಈ ಬಾಗಿಲು ಏಳಡಿ ಎತ್ತರದ್ದು. ಅವರು ಐದಡಿಯೂ ಇಲ್ಲ. ತಲೆ ತಗ್ಗಿಸಬೇಕಾಗಿದ್ದುದು ಊರಿನ ಮನೆಯಲ್ಲಿ. ಅಲ್ಲಿಯ ಬಚ್ಚಲ ಬಾಗಿಲು ನನ್ನ ಎದೆಯ ಮಟ್ಟಕ್ಕಿತ್ತು. ಆ ಮನೆಯನ್ನು ನಾವು ಮಾರಿ ಹತ್ತು ವರ್ಷವಾಯಿತು. ನಾವು ಎಂದೆ, ರುಜು ಹಾಕಿದವನು ನಾನು.

ಮುಪ್ಪಿನ ಮರವೆ ಇರಬೇಕೆಂದು ನಮ್ಮ ಕಾಲೇಜಿನ ಜೀವಶಾಸ್ತ್ರದ ಮಿತ್ರರ ಮುಂದೆ ಹೇಳಿಕೊಂಡೆ. ಮರವೆಯೋ, ನೆನಪೋ ಎಂದು ಅವರು ಇಲಿಗಳ ಕಥೆ ತೆಗೆದರು. ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಇಲಿ ಒಂದು ಮೂಲೆಗೆ ಬಂದರೆ ಅಲ್ಲಿ ಒಂದು ಕೋಶ ಮಿಡಿಯುತ್ತದೆ. ಇನ್ನೊಂದು ಮೂಲೆಗೆ ಬಂದರೆ ಇನ್ನೊಂದು. 1971ರಲ್ಲಿ ಇದನ್ನು ಮೊದಲು ವರದಿ ಮಾಡಿದವರಲ್ಲೊಬ್ಬರಾದ ಜಾನ್ ಓಕೀಫ್ ಅವರಿಗೆ 2014ರಲ್ಲಿ ನೊಬೆಲ್ ಬಹುಮಾನದ ಪಾಲು ಬಂತು. ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವಿನ ಸಂಗತಿ. ಓಡಾಡುವಾಗ ಜೊತೆಜೊತೆಯಾಗಿ ಮಿಡಿದ ಕೋಶಗಳು ಆಮೇಲೆ ನಿದ್ದೆಯಲ್ಲಿಯೂ ಜೊತೆಯಾಗಿಯೇ ಮಿಡಿಯುತ್ತವೆಂದು 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಕಂಡರು. ನಡೆದ ದಾರಿಯೇ ಸಾಲುಸಾಲಾಗಿ, ನಡಿಗೆಗಿಂತ ಹಲವು ಪಟ್ಟು ಬೇಗ, ಒಳಗೆ ಮತ್ತೆ ಸಾಗುತ್ತದೆಂಬುದು ಮುಂದೆ ತಿಳಿಯಿತು. 2006ರಲ್ಲಿ ಇನ್ನೊಂದು ಸೋಜಿಗ: ಓಟ ಮುಗಿಸಿ ಎಚ್ಚರವಾಗಿಯೇ ಸುಮ್ಮನೆ ನಿಂತ ಇಲಿಯ ಮಿದುಳು ಬಂದ ದಾರಿಯನ್ನು ತುದಿಯಿಂದ ಮೊದಲಿಗೆ ಓಡಿಸುತ್ತಿತ್ತು. ಕೊಡೆ ಕಳೆದುಕೊಂಡ ಮೇಷ್ಟರು ಮಾಡುವುದೂ ಇದನ್ನೇ ಅಲ್ಲವೆ!

ಆದರೆ ಅದು ಇಲಿ ಆಗತಾನೆ ಓಡಿದ ದಾರಿ. ಅದನ್ನು ಹತ್ತು ವರ್ಷದ ಹಿಂದಿನ ಮನೆಗೆ ತಂದು ಗಂಟುಹಾಕಬೇಡಿ ಎಂದು ಮಿತ್ರರು ಎಚ್ಚರಿಸಿದರು. ಶಾಸ್ತ್ರಜ್ಞರ ಮಾತು, ಒಪ್ಪಬೇಕು. ಆದರೂ ಭಾನುವಾರ ಮಧ್ಯಾಹ್ನ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ನಾನೂ ಅಲ್ಲೇ ಇರುತ್ತೇನೆ: ಜಗಲಿ, ನಡುಮನೆ, ಅಡಿಗೆಮನೆಯ ಹೊಗೆ ಹಿಡಿದ ಕಂಬ, ಬಚ್ಚಲ ಹಂಡೆ. ಒಂದು ಹೆಜ್ಜೆಯೂ ತಪ್ಪುವುದಿಲ್ಲ.

ತಾಯಿಗೆ ನಾನು ಹೇಳದ ಸಂಗತಿಯೊಂದಿದೆ. ಕೊಂಡವರು ಆ ಮನೆಯನ್ನು ಕೆಡವಿ ನಾಲ್ಕು ವರ್ಷವಾಯಿತು. ಹೋದ ವಾರ ಊರಿಗೆ ಹೋಗಿಬರೋಣವೆಂದು ಹಟ ಹಿಡಿದಿದ್ದರು. ಆ ರಾತ್ರಿ ಸಪ್ಪಳ ಕೇಳಿ, ಹೇಳಿಬಿಡುವುದೇ ಸರಿಯೆಂದು ಎದ್ದು ಹೋದೆ. ಅವರು ದೀಪ ಹಾಕದೆ ಗೋಡೆ ಹಿಡಿದು ಬರುತ್ತಿದ್ದರು.

"ಯಾಕೋ ಎದ್ದೆ? ಕತ್ತಲು, ಹೊಸಿಲು ನೋಡಿಕೊಂಡು ಬಾ" ಎಂದರು.

ಅಲ್ಲಿ ಹೊಸಿಲಿಲ್ಲ. ನಾನು ಕಾಲೆತ್ತಿ ದಾಟಿದೆ.