ಹಳೆಯ ಹಿಟ್ಟಿನ ಮೇಲೆ ಹೊಸ ಹಿಟ್ಟು

ಸೆಪ್ಟೆಂಬರ್ 4ರ ರಾತ್ರಿ. ಕಾಸರಗೋಡಿನ ಒಳನಾಡಿನ ಮನೆಯೊಂದರಲ್ಲಿ ತಾಯಿಯೊಬ್ಬಳು ಮೈದಾ ಡಬ್ಬಿಯ ಮುಚ್ಚಳ ತೆರೆದಳು. ಮರುದಿನ ಶಿಕ್ಷಕರ ದಿನಾಚರಣೆ. ಮಗಳು ಓದುವ ಕನ್ನಡ ಶಾಲೆಗೆ ಎರಡು ಕೇಕು ಮಾಡಿಕೊಡುವುದಾಗಿ ಆಕೆ ಒಪ್ಪಿಕೊಂಡಿದ್ದಳು. ಮನೆಯಲ್ಲಿ ಕೇಕು ತಯಾರಿಸಿ ಮಾರಲು ತೊಡಗಿ ಇನ್ನೂ ವರ್ಷ ತುಂಬಿರಲಿಲ್ಲ. ಲೋಟವನ್ನು ಹಿಟ್ಟಿಗಿಳಿಸಿದೊಡನೆ ಬಿಳಿಯ ಮೇಲ್ಮೈ ಮೆಲ್ಲನೆ ಅಲುಗಿತು. ಎಳ್ಳಿನ ಗಾತ್ರದ ಕೆಂಗಂದು ಹುಳಗಳು! ಹಿಟ್ಟಿನಿಂದ ಒಂದು ಬಗೆಯ ಘಾಟು ವಾಸನೆಯೂ ಏಳುತ್ತಿತ್ತು.

"ಅದಕ್ಕೇಕೆ ಹೆದರುತ್ತೀ ಮಗಳೇ? ಜರಡಿ ಹಿಡಿದರೆ ಆಯಿತು. ನಮ್ಮ ಕಾಲದಲ್ಲಿ ಅಕ್ಕಿಗೆ ನುಸಿ ಹಿಡಿಯದ ಮಳೆಗಾಲವೇ ಇರಲಿಲ್ಲ" ಎಂದರು ಅತ್ತೆ.

ಅವರ ಮಾತು ಸುಳ್ಳಲ್ಲ. ಆದರೆ ಅಕ್ಕಿಯನ್ನು ಕೇರಬಹುದು, ಬಿಸಿಲಿಗೆ ಹರಡಬಹುದು, ತೊಳೆಯಬಹುದು. ಹಿಟ್ಟನ್ನು ತೊಳೆಯಲಾಗದು. ಈ ಹುಳದ ಮೊಟ್ಟೆಗೆ ಅಂಟುಗುಣವಿರುವುದರಿಂದ ಹಿಟ್ಟು ಮೆತ್ತಿಕೊಂಡು ಅದು ಕಣ್ಣಿಗೆ ಕಾಣದಂತಾಗುತ್ತದೆ. ಮನೆಯ ಜರಡಿ ದೊಡ್ಡ ಹುಳಗಳನ್ನು ಹಿಡಿದೀತು, ಮೊಟ್ಟೆಗಳನ್ನೆಲ್ಲ ಹಿಡಿಯದು. ಹುಳ ಸ್ರವಿಸುವ ರಾಸಾಯನಿಕ ಹಿಟ್ಟಿನಲ್ಲಿಯೇ ಉಳಿದು ಬಣ್ಣವನ್ನೂ ರುಚಿಯನ್ನೂ ಕೆಡಿಸುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಹುಳ, ನುಸಿ, ಕೀಟ ಸೇರಿದ ಆಹಾರವನ್ನು ಅಸುರಕ್ಷಿತವೆಂದೇ ಪರಿಗಣಿಸುತ್ತದೆ. ಮಾರುವವರ ಅಡುಗೆಮನೆ ಚಿಕ್ಕದೆಂಬ ಕಾರಣಕ್ಕೆ ಅಲ್ಲಿ ವಿನಾಯಿತಿಯಿಲ್ಲ.

ಆಕೆಗೆ ಮೊದಲು ಬಂದದ್ದು ಸಿಟ್ಟು. ಫೋನೆತ್ತಿಕೊಂಡು, "ಹುಳ ಹಿಡಿದ ಹಿಟ್ಟು ಕೊಟ್ಟಿರಲ್ಲ ಅಣ್ಣಾ! ಮಕ್ಕಳು ತಿನ್ನುವ ವಸ್ತು ಇದು" ಎಂದು ಅಂಗಡಿಯವರನ್ನು ತರಾಟೆಗೆ ತೆಗೆದುಕೊಂಡಳು. ಆತ ವಾದಿಸಲಿಲ್ಲ. "ನಾಳೆ ತನ್ನಿ ಅಕ್ಕಾ, ನೋಡುವ" ಎಂದಷ್ಟೇ ಹೇಳಿದರು.

ಪಕ್ಕದಲ್ಲಿ ನಿಂತಿದ್ದ ಮಗಳು ಕೇಳಿದಳು: "ಅಮ್ಮಾ, ಅದೇ ದಿವಸ ತಂದ ಇನ್ನೊಂದು ಪ್ಯಾಕೆಟ್ ಉಂಟಲ್ಲ?"

ಒಡೆಯದೆ ಉಳಿದಿದ್ದ ಆ ಪ್ಯಾಕೆಟ್ಟನ್ನು ಕತ್ತರಿಸಿ ಬಿಳಿಯ ಕಾಗದದ ಮೇಲೆ ಸುರಿದು ನೋಡಿದರು. ಒಂದು ಹುಳವೂ ಇರಲಿಲ್ಲ. ಆಗ ತಾಯಿಗೆ ನೆನಪಾಯಿತು: ತಿಂಗಳ ಹಿಂದೆ ಡಬ್ಬಿಯ ತಳದಲ್ಲಿ ಒಂದೆರಡು ಹಿಡಿ ಹಳೆಯ ಹಿಟ್ಟು ಉಳಿದಿರುವಾಗಲೇ, ತೊಳೆಯುವ ಗೋಜಿಗೆ ಹೋಗದೆ ಹೊಸದನ್ನು ಅದರ ಮೇಲೆ ಸುರಿದಿದ್ದಳು. ಸೆಕೆ, ತೇವ ಎರಡೂ ಇರುವ ನಮ್ಮ ಹವೆಯಲ್ಲಿ ಮೊಟ್ಟೆಯೊಂದು ಹುಳವಾಗಲು ಸುಮಾರು ಒಂದು ತಿಂಗಳು ಸಾಕು. ಕಪಾಟಿನ ಹಿಂಬದಿಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿಟ್ಟ ಹಳೆಯ ರವೆಯೂ ಸಿಕ್ಕಿತು. ಅದರೊಳಗೆ ಜೇಡನ ಬಲೆಯಂತಹ ಎಳೆಗಳು. ಅದು ಬೇರೊಂದು ಜೀವಿಯ, ಪತಂಗದ ಮರಿಗಳ ಕೆಲಸ.

ಸಾಕ್ಷಿ ಕಣ್ಣೆದುರಿಗಿತ್ತು. ಆರೋಪ ಹೊತ್ತವರು ಮಾತ್ರ ಬೇರೆಯವರು.

ಡಬ್ಬಿಯ ಹಿಟ್ಟಿಗೂ ರವೆಗೂ ಕುದಿನೀರು ಸುರಿದು ತೆಂಗಿನ ಬುಡದಲ್ಲಿ ಹೂತರು. ಡಬ್ಬಿಯನ್ನು ತೊಳೆದು ಒಣಗಿಸಿದರು. ಕಪಾಟಿನ ಸಂದುಗಳನ್ನು ಅತ್ತೆಯೇ ಕಡ್ಡಿಯಿಂದ ಕೆರೆದು ಒರೆಸಿದರು. ಉಳಿದ ಹಿಟ್ಟಿನಲ್ಲಿ ಒಂದೇ ಕೇಕು ಆಯಿತು.

ಮರುದಿನ ಶಾಲೆಯಲ್ಲಿ ಆಕೆ ಕಾರಣವನ್ನು ಮುಚ್ಚಿಡಲಿಲ್ಲ. ಹುಳದ ಮಾತು ಹಬ್ಬಿದರೆ ಮುಂದೆ ಯಾರೂ ಕೇಕು ಕೇಳಲಾರರೇನೋ ಎಂಬ ಅಳುಕು ಇದ್ದೇ ಇತ್ತು. ಮುಖ್ಯೋಪಾಧ್ಯಾಯಿನಿ ನಕ್ಕು, ತುಂಡುಗಳನ್ನು ಚಿಕ್ಕದಾಗಿ ಕತ್ತರಿಸಿದರು. ಮಗಳು ಬಿಗಿಮುಚ್ಚಳದ ಬಾಟಲಿಯಲ್ಲಿ ನಾಲ್ಕು ಹುಳಗಳನ್ನು ಒಯ್ದಿದ್ದಳು. ವಿಜ್ಞಾನದ ಅಧ್ಯಾಪಕರು ಭೂತಗನ್ನಡಿ ತರಿಸಿ ಎಲ್ಲರಿಗೂ ತೋರಿಸಿದರು. ದುಂಬಿಗಳ ಕುಲದಲ್ಲಿ ಮೊತ್ತಮೊದಲು ಇಡೀ ವಂಶವಾಹಿ ವಿವರ ಪ್ರಕಟವಾದದ್ದು ಈ ಹಿಟ್ಟಿನ ಹುಳದ್ದೇ, 2008ರಲ್ಲಿ ಎಂದು ತಿಳಿದಾಗ ಮಕ್ಕಳು ಮತ್ತೊಮ್ಮೆ ಬಾಟಲಿಯನ್ನು ಸುತ್ತುವರಿದರು.

ಹಿಂತಿರುಗುವಾಗ ತಾಯಿ ಅಂಗಡಿಯ ಮುಂದೆ ನಿಂತಳು. ಫೋನಿನಲ್ಲಿ ಆಡಿದ ಮಾತು ಸುಲಭವಾಗಿ ಬಂದಿತ್ತು. ಎದುರು ನಿಂತು ಆಡಬೇಕಾದ ಮಾತಿಗೆ ಸ್ವಲ್ಪ ಹೊತ್ತು ಹಿಡಿಯಿತು. "ತಪ್ಪು ನನ್ನ ಡಬ್ಬಿಯದು ಅಣ್ಣಾ" ಎಂದಳು. ಆತ ತಲೆಯಾಡಿಸಿ, ಕೇಳುವ ಮೊದಲೇ ಎರಡು ಪ್ಯಾಕೆಟ್ ಮೈದಾ ತೆಗೆದಿಟ್ಟರು.

"ಒಂದೇ ಸಾಕು" ಎಂದಳು ಆಕೆ. ಈಗ ಆ ಮನೆಯ ಪ್ರತಿ ಡಬ್ಬಿಯ ಮೇಲೂ ತುಂಬಿಸಿದ ದಿನಾಂಕದ ಚೀಟಿಯಿದೆ. ಅಕ್ಷರ ಮಗಳದು.